ಸೀಟಿನ ಪೈಪಿಗೆ ಗ್ರೀಸ್ ಹಾಕಿದ್ದೀರಾ?

ಈ ಅಂಕಣದಲ್ಲಿ ಒಮ್ಮೆ ಸೈಕಲ್ ಸವಾರಿಯ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯಿತು. ಅಂದಿನಿಂದ ಮದುವೆ ಮನೆಯ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಟದ ಚೌಕಿಯ ಹಿಂದೆ, ಎಲ್ಲಿ ಸಿಕ್ಕಿದರೂ ಅದೇ ಪ್ರಶ್ನೆ. ಉಪ್ಪುಂದದ ಮೇಷ್ಟ್ರೊಬ್ಬರು ಕೇಳಿದರು, ಕೋಟದ ಬ್ಯಾಂಕಿನವರೊಬ್ಬರು ಕೇಳಿದರು, ಬ್ರಹ್ಮಾವರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ಫೋನು ಮಾಡಿಯೇ ಕೇಳಿದಳು: "ನಂದ್ ಅಲ್ಯೂಮಿನಿಯಂ ರೋಡ್ ಬೈಕ್. ಎರಡ್ ವರ್ಷ ಆಯ್ತ್. ಇನ್ ಎಂತ ಅಪ್‌ಗ್ರೇಡ್ ಮಾಡ್ಲಕ್ಕ್?" ಕಾರ್ಬನ್ ಚಕ್ರ ಹಾಕಲೇ, ಗೇರ್ ಸೆಟ್ ಬದಲಿಸಲೇ, ಅಥವಾ ಇದನ್ನು ಮಾರಿ ಕಾರ್ಬನ್ ಸೈಕಲ್ಲೇ ಕೊಳ್ಳಲೇ ಎಂಬುದು ಇವರೆಲ್ಲರ ಸಂಶಯ. ನಾನು ಎಲ್ಲರಿಗೂ ಒಂದು ಮರುಪ್ರಶ್ನೆ ಹಾಕಿದೆ: "ಸೀಟಿನ ಪೈಪು ಕೊನೆಯ ಸಲ ಹೊರಗೆ ತೆಗೆದದ್ದು ಯಾವಾಗ?" ಮೂವರೂ ಸುಮ್ಮನಾದರು. ಮೇಷ್ಟ್ರು ಮಾತ್ರ, "ಅದನ್ನ್ ತೆಗಿಲಿಕ್ಕಿತ್ತಾ?" ಎಂದರು.

ವಿಷಯಕ್ಕೆ ಹೊಸಬರಾದವರಿಗೆ ಒಂದು ಮಾತು. ನಮ್ಮ ಕಡೆ ಬೈಕ್ ಎಂದರೆ ಪೆಟ್ರೋಲ್ ಕುಡಿಯುವಂಥದ್ದು. ರೋಡ್ ಬೈಕ್ ಎಂದು ಈ ಜನ ಕರೆಯುವುದು ಪೆಡಲ್ ತುಳಿಯುವ ಸೈಕಲ್ಲನ್ನೇ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಗೆ ಸುತ್ತಿಕೊಂಡಿರುತ್ತದೆ, ಟೈರು ಸಪೂರ, ಮಡ್‌ಗಾರ್ಡು ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಸ್ಟ್ಯಾಂಡ್ ಇಲ್ಲದಿರುವುದೇ ಊರಿನವರಿಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ. ತ್ರಾಸಿಯಲ್ಲಿ ಎಳನೀರು ಕುಡಿಯಲು ನಿಂತಾಗ ಅಂಗಡಿಯವರು ನನ್ನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟ್ ದುಡ್ಡ್ ತಕಂಡ್ ಒಂದ್ ಸ್ಟ್ಯಾಂಡ್ ಕೊಡ್ಲಿಲ್ಯಾ ಮರಾಯ್ರೆ!" ಎಂದು ನನ್ನ ಪರವಾಗಿ ಸಿಟ್ಟಾಗಿದ್ದರು. ಇಂಥ ಸೈಕಲ್ಲುಗಳಲ್ಲಿ ಕೈಗೆಟಕುವ ಬೆಲೆಯವೆಲ್ಲ ಹೆಚ್ಚುಕಡಿಮೆ ಅಲ್ಯೂಮಿನಿಯಂ ಫ್ರೇಮಿನವು. ಅವುಗಳ ಮೇಲಿನ ದರ್ಜೆಯವು ಕಾರ್ಬನ್ನಿನವು, ಅಂದರೆ ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದವು. ಹಾಗಾಗಿ ಅಲ್ಯೂಮಿನಿಯಂ ಸೈಕಲ್ ಇರುವವರಿಗೆ ಮೇಲಿನ ಮೆಟ್ಟಿಲಿನ ಮೇಲೆ ಯಾವಾಗಲೂ ಒಂದು ಕಣ್ಣು.

ಈ ಲೋಹವನ್ನು ಕೊಂಚ ಅರ್ಥ ಮಾಡಿಕೊಂಡರೆ ಅರ್ಧ ಸಂಶಯ ತಾನಾಗಿ ಕಳೆಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಮೂರು ಪಟ್ಟು ಹಗುರ. ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ, ಉಕ್ಕು ಸುಮಾರು 7.8. ಆದರೆ ಬಗ್ಗದೆ ನಿಲ್ಲುವ ಗಡಸಿನಲ್ಲೂ ಅದು ಉಕ್ಕಿನ ಮೂರನೇ ಒಂದು ಪಾಲು. ಅಂದರೆ ಅಜ್ಜನ ಕಾಲದ ಅಟ್ಲಾಸ್ ಸೈಕಲ್ಲಿನ ಪೈಪಿನಷ್ಟೇ ಸಪೂರದ ಅಲ್ಯೂಮಿನಿಯಂ ಪೈಪಿನಿಂದ ಫ್ರೇಮ್ ಕಟ್ಟಿದರೆ ಪೆಡಲ್ ತುಳಿದಾಗಲೆಲ್ಲ ಅದು ಬಳುಕುತ್ತದೆ. ಇದಕ್ಕೆ ಪರಿಹಾರ ಬಿದಿರಿನ ಉಪಾಯ: ಪೈಪನ್ನು ಅಗಲ ಮಾಡಿ, ಗೋಡೆಯನ್ನು ತೆಳುವಾಗಿಡುವುದು. ಗೋಡೆಯ ದಪ್ಪ ಅಷ್ಟೇ ಇಟ್ಟು ಪೈಪಿನ ವ್ಯಾಸ ಎರಡು ಪಟ್ಟು ಮಾಡಿದರೆ ಬಗ್ಗದಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅಮೆರಿಕದಲ್ಲಿ ಗ್ಯಾರಿ ಕ್ಲೈನ್ ಎಂಬಾತ 1970ರ ದಶಕದಲ್ಲಿ ಇಂಥ ದಪ್ಪ ಪೈಪಿನ ಫ್ರೇಮುಗಳನ್ನು ಮಾಡತೊಡಗಿದ. 1983ರಲ್ಲಿ ಕ್ಯಾನನ್‌ಡೇಲ್ ಕಂಪನಿ ಅದೇ ದಾರಿಯ ಸೈಕಲ್ಲುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದು ನಮ್ಮ ಹುಡುಗರು ಕೊಳ್ಳುವ ಸೈಕಲ್ಲಿನ ಪೈಪಿನ ಮೇಲೆ 6061 ಎಂದೋ 7005 ಎಂದೋ ಸಣ್ಣ ಅಂಟುಚೀಟಿ ಇರುತ್ತದೆ. ಮೊದಲನೆಯದು ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಮಿಶ್ರಲೋಹ. ಎರಡನೆಯದರಲ್ಲಿ ಸತು ಮುಖ್ಯ. ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಫ್ರೇಮು ಚೆನ್ನಾಗಿದ್ದರೆ ಎರಡೂ ಚೆನ್ನ.

ಮಾರುವವರು ಹೇಳುವ ಮೊದಲ ಗುಣಗಾನ, "ಅಲ್ಯೂಮಿನಿಯಂ ಸರ್, ತುಕ್ಕು ಹಿಡಿಯೂದೇ ಇಲ್ಲ." ಬೆಂಗಳೂರಿನಲ್ಲಿ ಕುಳಿತು ಕೇಳಿದರೆ ಈ ಮಾತು ನಿಜ. ಮರವಂತೆಯಲ್ಲಿ ನಿಂತು ಕೇಳಿದರೆ ಅರ್ಧ ಮಾತ್ರ ನಿಜ.

ಮರವಂತೆಯ ರಸ್ತೆಯನ್ನು ವರ್ಣಿಸಲು ನಾನು ಹೋಗುವುದಿಲ್ಲ, ನೋಡದವರಿಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಬೆಳಗ್ಗೆ ಆರಕ್ಕೆ ಅಲ್ಲಿ ಸೈಕಲ್ ತುಳಿಯುವ ಸುಖಕ್ಕೆ ನಾನು ಬೇರೆ ಹೋಲಿಕೆ ಹುಡುಕಿಲ್ಲ. ಆದರೆ ಆ ಸುಖದ ಸುಂಕವನ್ನು ಸೈಕಲ್ಲು ಕಟ್ಟುತ್ತದೆ. ಮನೆಗೆ ಬಂದು ಮೇಲಿನ ಪೈಪಿನ ಮೇಲೆ ಬೆರಳು ಎಳೆದು ನಾಲಿಗೆಗೆ ಇಟ್ಟುಕೊಳ್ಳಿ, ಉಪ್ಪು ತಾಗುತ್ತದೆ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕ್ಷಣದಲ್ಲೇ ತನ್ನ ಮೇಲೆ ಆಕ್ಸೈಡಿನ ಒಂದು ತೆಳು ಪೊರೆ ಹೊದ್ದುಕೊಳ್ಳುತ್ತದೆ. ಒಳಗಿನ ಲೋಹವನ್ನು ಕಾಯುವುದು ಆ ಪೊರೆಯೇ. ಉಪ್ಪಿನ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪಿನಕಾಯಿ ಇಡಬೇಡ, ಹುಳಿ ಉಳಿಸಬೇಡ ಎಂದು ಅಮ್ಮಂದಿರು ಗದರುತ್ತಿದ್ದದ್ದು ಈ ಕಾರಣಕ್ಕೇ. ಕೆಂಪು ತುಕ್ಕು ಬರುವುದಿಲ್ಲ, ಬಿಳಿ ಹಿಟ್ಟು ಬರುತ್ತದೆ. ಬಣ್ಣ ಗುಳ್ಳೆಯಾಗಿ ಏಳುತ್ತದೆ. ಕೆಂಪಲ್ಲದ ಕಾರಣ ನಾವು ಅದನ್ನು ರೋಗವೆಂದು ಲೆಕ್ಕಿಸುವುದಿಲ್ಲ, ಅಷ್ಟೇ.

ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿದೆ, ಅದನ್ನು ನನಗೆ ತಿಳಿಸಿ ಹೇಳಿದವರು ಗಂಗೊಳ್ಳಿಯ ಬೋಟಿನವರು. ಉಕ್ಕಿನ ಬೋಟನ್ನು ದಡಕ್ಕೆ ಎಳೆದು ನಿಲ್ಲಿಸಿದಾಗ ನೋಡಿ, ನೀರಲ್ಲಿ ಮುಳುಗುವ ಭಾಗಕ್ಕೆ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಕೂರಿಸಿರುತ್ತಾರೆ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು, ಮೇಲೆ ಉಪ್ಪುನೀರು ಬಿದ್ದರೆ ಅದೊಂದು ಪುಟ್ಟ ಬ್ಯಾಟರಿ. ಎರಡರಲ್ಲಿ ಪಾಪದ್ದು ಯಾವುದೋ ಅದು ಕರಗುತ್ತಾ ಹೋಗುತ್ತದೆ, ಗಟ್ಟಿಯದು ಉಳಿಯುತ್ತದೆ. ಬೋಟಿನಲ್ಲಿ ಸತು ಕರಗಿ ಉಕ್ಕನ್ನು ಉಳಿಸುತ್ತದೆ. "ಸತು ಮುಗಿತ್ ಅಂದ್ರೆ ಬೋಟಿಗ್ ಬಪ್ಕ್ ಸುರು" ಎಂದು ಅವರು ವಿವರಿಸಿದಾಗ ನನಗೆ ನನ್ನ ಸೈಕಲ್ಲು ಕಣ್ಣ ಮುಂದೆ ಬಂತು. ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ಬೋಲ್ಟು ಬಿಗಿದಿದ್ದೇವೆ. ಈ ಜೋಡಿಯಲ್ಲಿ ಪಾಪದ್ದು ಅಲ್ಯೂಮಿನಿಯಂ. ಸೈಕಲ್ಲಿನಲ್ಲಿ ಸತುವಿನ ಗಟ್ಟಿ ಬೇರೆ ಇಲ್ಲ, ಫ್ರೇಮೇ ಸತುವಿನ ಗಟ್ಟಿ. ಅಲ್ಯೂಮಿನಿಯಮ್ಮಿಗೆ ಕಾರ್ಬನ್ ಜೊತೆಯಾದರೆ ಪರಿಸ್ಥಿತಿ ಇನ್ನೂ ಕಷ್ಟ. ಕಾರ್ಬನ್ ತಾನು ಎಳ್ಳಷ್ಟೂ ಕರಗುವುದಿಲ್ಲ, ಪಕ್ಕದವನನ್ನು ಕರಗಿಸುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ, ದುಡ್ಡು ಕೊಟ್ಟು ಕಲಿತದ್ದು. ನನ್ನ ಮೊದಲ ಅಪ್‌ಗ್ರೇಡ್ ಯಾವುದು ಗೊತ್ತೇ? ಕಾರ್ಬನ್ ಸೀಟ್ ಪೋಸ್ಟ್. ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಆ ಪೈಪನ್ನು ಬದಲಿಸಿದರೆ ನೂರು ಗ್ರಾಂ ಉಳಿಯುತ್ತದೆ, ರಸ್ತೆಯ ಕುಲುಕೂ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ತರಿಸಿದೆ, ಒರೆಸಿ ಒಣಗಿಸಿ ಹಾಗೆಯೇ ಒಳಗೆ ತುರುಕಿ ಬಿಗಿದೆ. ಆ ವರ್ಷ ಮಳೆಗಾಲದಲ್ಲೂ ತುಳಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹಿಂದಿನ ಚಕ್ರ ಚಿಮ್ಮಿಸುವ ನೀರು ನೇರ ಬಂದು ಬೀಳುವುದು ಸೀಟಿನ ಬುಡಕ್ಕೇ. ಚೌತಿಯ ಹೊತ್ತಿಗೆ ಸೀಟನ್ನು ಒಂದು ಬೆರಳಿನಷ್ಟು ಇಳಿಸೋಣವೆಂದು ಬೋಲ್ಟು ಸಡಿಲಿಸಿದರೆ ಪೈಪು ಜಪ್ಪಯ್ಯ ಅನ್ನಲಿಲ್ಲ. ಅಲ್ಯೂಮಿನಿಯಂ ಕರಗಿ ಹುಟ್ಟುವ ಬಿಳಿ ಹಿಟ್ಟು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಪೈಪಿಗೂ ಫ್ರೇಮಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ಅದು ಬೆಳೆದು ಬೆಣೆ ಹೊಡೆದ ಹಾಗೆ ಕಚ್ಚಿ ಹಿಡಿದಿತ್ತು.

ಮೊದಲು ಹೋದದ್ದು ದೂರದ ಪೇಟೆಯ ಒಂದು ದೊಡ್ಡ ಅಂಗಡಿಗೆ. ಅಲ್ಲಿನ ಹುಡುಗ ಸೀಟಿಗೆ ಎರಡು ಪೆಟ್ಟು ಕೊಟ್ಟು ನೋಡಿ, ಫ್ರೇಮೇ ಬದಲಿಸಬೇಕಾದೀತು ಎಂದ. ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದೆ. ಕೊನೆಗೆ ನಮ್ಮೂರಿನ ಹಳೆಯ ಸೈಕಲ್ ಅಂಗಡಿಯ ಯಜಮಾನರ ಮುಂದೆ ಇಟ್ಟೆ. ಅವರಿಗೆ ಎಪ್ಪತ್ತು ದಾಟಿದೆ, ಕಾರ್ಬನ್ ಎಂಬುದನ್ನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಬೆರಳಲ್ಲಿ ತಟ್ಟಿ ನೋಡಿ, "ಇದ್ ಬಿಸಿಗ್ ಹಿಗ್ಗತ್ತಾ?" ಎಂದು ಕೇಳಿದರು. ಇಲ್ಲವೆನ್ನುವಷ್ಟು ಕಡಿಮೆ ಎಂದೆ. "ಅಲ್ಯೂಮಿನಿಯಂ ಹಿಗ್ಗತ್ತ್ ಅಲ್ದಾ? ಹಂಗಾರೆ ಆತ್ತ್ ಬಿಡಿ" ಎಂದರು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನಾಲ್ಕು ದಿನ ಹಾಗೇ ಇಟ್ಟರು. ಐದನೇ ದಿನ ಅವರ ಮನೆಯ ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಫ್ರೇಮಿನ ಪೈಪಿನ ಸುತ್ತ ಹೊಯ್ದರು, ನಾನು ಸೀಟು ಹಿಡಿದು ತಿರುಪಿದೆ. ಮೂರನೇ ಚೆಂಬಿಗೆ "ಕಟ್" ಎಂದು ಬಿಟ್ಟುಕೊಂಡಿತು. ನನ್ನಿಂದ ಐವತ್ತು ರೂಪಾಯಿ ತೆಗೆದುಕೊಂಡರು. ಹೆಚ್ಚು ಕೊಟ್ಟದ್ದಕ್ಕೆ ಬೈದರು. (ನೀವು ಮನೆಯಲ್ಲಿ ಮಾಡುವುದಾದರೆ ಬಿಸಿನೀರು ಮಾತ್ರ. ಬೆಂಕಿ ಹಿಡಿದರೆ ಕಾರ್ಬನ್ನಿನ ಅಂಟೂ ಹೋಗುತ್ತದೆ, ಫ್ರೇಮಿನ ಹದವೂ ಹೋಗುತ್ತದೆ.)

ಆದ್ದರಿಂದ ಕರಾವಳಿಯಲ್ಲಿ ಅಪ್‌ಗ್ರೇಡಿನ ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಒಂದು ಡಬ್ಬಿ ಗ್ರೀಸು. ಅಲ್ಯೂಮಿನಿಯಂ ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚಿ. ಕಾರ್ಬನ್ನಿನದ್ದಾದರೆ ಗ್ರೀಸ್ ಬೇಡ, ಅದಕ್ಕೆಂದೇ ಮರಳಿನಂತೆ ತರಿತರಿ ಇರುವ ಕಾರ್ಬನ್ ಪೇಸ್ಟ್ ಸಿಗುತ್ತದೆ, ಅದನ್ನು ಹಚ್ಚಿ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲು ಮತ್ತು ನಂತರ, ಹೊರತೆಗೆದು ಒರೆಸಿ ಮತ್ತೆ ಹಚ್ಚಿ ಇಳಿಸಿ. ನೀರಿನ ಬಾಟಲಿಯ ಸ್ಟ್ಯಾಂಡ್ ಹಿಡಿದಿರುವ ಎರಡು ಸಣ್ಣ ಬೋಲ್ಟು, ಪೆಡಲಿನ ಮರೆ, ಹ್ಯಾಂಡಲ್ ಬಿಗಿಯುವ ಬೋಲ್ಟು, ಎಲ್ಲಕ್ಕೂ ಬೆರಳ ತುದಿಯಷ್ಟು ಗ್ರೀಸ್. ಹ್ಯಾಂಡಲಿಗೆ ಸುತ್ತಿದ ಟೇಪನ್ನೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ನಮ್ಮ ಸೆಕೆಗೆ ಸುರಿಯುವ ಬೆವರೂ ಉಪ್ಪುನೀರೇ. ಟೇಪಿನ ಅಡಿಯಲ್ಲಿ ಹ್ಯಾಂಡಲ್ ಗೆದ್ದಲು ತಿಂದಂತೆ ಆಗಿರುವುದನ್ನು ನಾನು ನೋಡಿದ್ದೇನೆ. ಫ್ರೇಮಿನ ಕೆಳಗೆ, ಪೆಡಲಿನ ಅಚ್ಚಿರುವಲ್ಲಿ, ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ಸೇರಿದ ನೀರು ಬಸಿದು ಹೋಗಲಿಕ್ಕೆಂದು ಇಟ್ಟದ್ದು ಅದು. ಕೆಂಪು ಮಣ್ಣು ಕಟ್ಟಿಕೊಂಡು ಮುಚ್ಚಿದ್ದರೆ ಹಿಡಿಕಡ್ಡಿಯಿಂದ ಬಿಡಿಸಿ.

ತೊಳೆಯುವುದಕ್ಕೆ ಬಾಲ್ದಿ ನೀರು, ಬಟ್ಟೆ ಸಾಕು. ಕಾರು ತೊಳೆಯುವ ಪ್ರೆಷರ್ ಪೈಪು ಹಿಡಿದರೆ ಬೇರಿಂಗಿನ ಗ್ರೀಸೆಲ್ಲ ತೊಳೆದುಹೋಗಿ ಅಲ್ಲಿ ನೀರು ಕೂರುತ್ತದೆ. ಕಡಲ ಹತ್ತಿರದ ಮನೆಯವರಿಗೆ ಇನ್ನೊಂದು ತೊಂದರೆ, ಬೇಸಿಗೆಯಲ್ಲಿ ಬಾವಿಯ ನೀರೇ ಉಪ್ಪಾಗುತ್ತದೆ. ಆಗ ಕುಡಿಯುವ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆದೀತು. ಚೈನಿಗೆ ತೆಂಗಿನೆಣ್ಣೆ ಹಾಕಿದ ಒಬ್ಬ ಪುಣ್ಯಾತ್ಮನನ್ನು ಬಲ್ಲೆ. ಎರಡು ದಿನ ಘಮಘಮ, ಮೂರನೇ ದಿನ ರಸ್ತೆಯ ಹೊಯ್ಗೆಯೆಲ್ಲ ಚೈನಿನಲ್ಲಿ. ಹಿಂದೆ ಮನೆಮನೆಗೆ ಮೀನು ತರುತ್ತಿದ್ದವರ ಸೈಕಲ್ ನೆನಪಿದೆಯೇ? ಹಿಂದಿನ ಬುಟ್ಟಿಯಿಂದ ಬರ್ಫದ ಉಪ್ಪುನೀರು ಇಡೀ ದಿನ ಚೈನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೂ ಆ ಸೈಕಲ್ಲುಗಳು ವರ್ಷಗಟ್ಟಲೆ ಓಡಿದವು, ಏಕೆಂದರೆ ಅವರು ಸಂಜೆ ತೊಳೆದು ಎಣ್ಣೆ ಬಿಡದೆ ಮಲಗುತ್ತಿರಲಿಲ್ಲ.

ಗ್ರೀಸಿನ ಮಾತು ಸಾಕು, ದುಡ್ಡು ಖರ್ಚು ಮಾಡಬೇಕೆಂಬ ಆಸೆ ಇದ್ದೇ ಇರುತ್ತದೆ. ಹಾಗಾದರೆ ಮೊದಲು ಟೈರಿಗೆ ಮಾಡಿ. ಅಲ್ಯೂಮಿನಿಯಂ ಸೈಕಲ್ಲು ಬೆನ್ನು ಮುರಿಯುತ್ತದೆ, ಕಾರ್ಬನ್ನಿನದು ಹತ್ತಿಯಂತೆ ಎಂದು ಹೇಳುವವರಿದ್ದಾರೆ. ತ್ರಿಕೋನವಾಗಿ ಬೆಸೆದ ಫ್ರೇಮು ಯಾವ ವಸ್ತುವಿನದಾದರೂ ಮೇಲಿನಿಂದ ಕೆಳಕ್ಕೆ ತಗ್ಗುವುದು ತೀರಾ ಅತ್ಯಲ್ಪ. ಗುಂಡಿಯ ಪೆಟ್ಟನ್ನು ನುಂಗುವುದು ಟೈರಿನೊಳಗಿನ ಗಾಳಿ. ಹಳೆಯ ರೋಡ್ ಬೈಕುಗಳು 23 ಮಿಲಿಮೀಟರ್ ಟೈರಿನಲ್ಲಿ, ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಬರುತ್ತಿದ್ದವು. ಈಗ ಜಗತ್ತಿನ ದೊಡ್ಡ ರೇಸುಗಳಲ್ಲೇ 28ರ ಟೈರು ಸಾಮಾನ್ಯವಾಗಿದೆ. ನಿಮ್ಮ ಬ್ರೇಕಿನ ಕವೆಯಲ್ಲಿ ಜಾಗವಿದ್ದರೆ 28 ಹಾಕಿ, ಎಪ್ಪತ್ತು ಕಿಲೋ ತೂಗುವವರಾದರೆ ಗಾಳಿಯನ್ನು 75-80 ಪಿಎಸ್‌ಐಗೆ ಇಳಿಸಿ. ಕೋಟೇಶ್ವರದಿಂದ ಬಿದ್ಕಲ್‌ಕಟ್ಟೆ, ಹಾಲಾಡಿ ಕಡೆಗೆ ಹೋಗುವ ದಾರಿಯಲ್ಲಿ ನನಗಾದ ವ್ಯತ್ಯಾಸವನ್ನು ಸೊಂಟವೇ ಹೇಳಿತು. ಎರಡು ಟೈರಿನ ದುಡ್ಡಿಗೆ ಹೊಸ ಸೈಕಲ್ಲೇ ಬಂದಂತಾಯಿತು.

ಎರಡನೆಯದು ಬ್ರೇಕಿನ ರಬ್ಬರು. ರಿಮ್ಮನ್ನೇ ಹಿಡಿಯುವ ಬ್ರೇಕ್ ಇರುವ ಸೈಕಲ್ಲುಗಳಲ್ಲಿ ಕಂಪನಿಯಿಂದ ಬರುವ ರಬ್ಬರು ಬಹಳ ಸಲ ಗಡುಸಾಗಿರುತ್ತದೆ. ಅದರ ಮೇಲೆ ನಮ್ಮ ಹೊಯ್ಗೆ. ಕಡಲು ಏರಿದ ದಿನಗಳಲ್ಲಿ ಮರವಂತೆಯಲ್ಲಿ ಅಲೆಯ ಜೊತೆ ಮರಳೂ ರಸ್ತೆಗೆ ಬೀಳುತ್ತದಲ್ಲ, ಅದು ರಬ್ಬರಿಗೆ ಅಂಟಿಕೊಂಡು ರಿಮ್ಮನ್ನು ಅರದಂತೆ ಉಜ್ಜುತ್ತದೆ. ಬ್ರೇಕ್ ಹಿಡಿದಾಗ ಕರಕರ ಸದ್ದು, ರಿಮ್ಮಿನ ಮೇಲೆ ಕರಿಮಸಿ ಕಂಡರೆ ಅದು ಕೊಳೆಯಲ್ಲ, ನಿಮ್ಮ ರಿಮ್ಮೇ. ರಬ್ಬರು ಬಿಚ್ಚಿ ಅದರೊಳಗೆ ಹೊಕ್ಕ ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕಿತ್ತು, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ. ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟು ಮೆದು ರಬ್ಬರು ಹಾಕಿದರೆ ಇನ್ನೂ ಲೇಸು. ಅನೇಕ ರಿಮ್ಮುಗಳ ಪಕ್ಕದಲ್ಲಿ ಒಂದು ಸಣ್ಣ ಗೀರೋ ಕುಳಿಯೋ ಇರುತ್ತದೆ. ಅದು ಸವೆದು ಮಾಯವಾದ ದಿನ ರಿಮ್ಮಿನ ಆಯುಷ್ಯ ಮುಗಿದಂತೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವ ಯೋಚನೆ ಇದ್ದವರು ಇದನ್ನು ನೋಡದೆ ಹೊರಡಬಾರದು.

ಚಕ್ರದ ವಿಷಯದಲ್ಲಿ ಒಂದೇ ಸೂಚನೆ. ಹೊಸ ಚಕ್ರ ಕಟ್ಟಿಸುವಾಗ ಕಡ್ಡಿಗಳ ನಿಪ್ಪಲ್ ಹಿತ್ತಾಳೆಯದ್ದೇ ಇರಲಿ. ಹಗುರವೆಂದು ಅಲ್ಯೂಮಿನಿಯಂ ನಿಪ್ಪಲ್ ಕೊಡುವವರಿದ್ದಾರೆ. ಉಕ್ಕಿನ ಕಡ್ಡಿ, ಅಲ್ಯೂಮಿನಿಯಂ ನಿಪ್ಪಲ್, ಉಪ್ಪುಗಾಳಿ ಸೇರಿದರೆ ಗಂಗೊಳ್ಳಿಯ ಬೋಟಿನ ಕತೆಯೇ ಮತ್ತೆ. ರಿಮ್ಮಿನ ಬೆಂಡ್ ತೆಗೆಯಲು ಕೀಲಿ ಹಾಕಿದರೆ ನಿಪ್ಪಲ್ಲು ಬಿಸ್ಕತ್ತಿನಂತೆ ಪುಡಿಯಾಗುತ್ತದೆ.

ಇನ್ನು ಎಲ್ಲರೂ ಕಾಯುತ್ತಿರುವ ಗೇರಿನ ಮಾತು. ಶಿಮಾನೊ ಕಂಪನಿಯ ಮೆಟ್ಟಿಲು ಹೀಗಿದೆ: ಕ್ಲಾರಿಸ್‌ನಲ್ಲಿ ಹಿಂದೆ 8 ಹಲ್ಲುಚಕ್ರ, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಅದರ ಮೇಲೆ 11 ಹಲ್ಲುಚಕ್ರದ 105. ಕ್ಲಾರಿಸ್ ಇದ್ದವರಿಗೆ 105ರ ಕನಸು. ಈ ಕನಸಿನ ಒಳಗೆ ಒಂದು ಸರಪಳಿ ಇದೆ. 8, 9, 10ರ ಹಲ್ಲುಚಕ್ರಗಳು ಕೂರುವ ಹಿಂದಿನ ಗಾಲಿಯ ಗುಂಭದ ಅಗಲ ಒಂದೇ. ರೋಡ್ ಬೈಕಿನ 11ಕ್ಕೆ ಅದು 1.85 ಮಿಲಿಮೀಟರ್ ಹೆಚ್ಚು ಬೇಕು. ಹಳೆಯ ಚಕ್ರದ ಮೇಲೆ ಅದು ಕೂರುವುದಿಲ್ಲ, ಚಕ್ರ ಬದಲಿಸಬೇಕು. ಲಿವರನ್ನು ಒಂದು ಸಲ ಒತ್ತಿದಾಗ ಕೇಬಲ್ ಎಷ್ಟು ಎಳೆಯಬೇಕೆಂಬ ಲೆಕ್ಕವೂ 8ರದ್ದಕ್ಕೂ 11ರದ್ದಕ್ಕೂ ಬೇರೆ. ಆದ್ದರಿಂದ ಹೊಸ ಲಿವರಿಗೆ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ಹಳೆಯ ಡಿರೇಲರ್ ಹೊಂದುವುದಿಲ್ಲ. ಒಂದನ್ನು ಬದಲಿಸಲು ಹೊರಟವರು ಚೈನು, ಕೇಬಲ್, ಲಿವರ್, ಚಕ್ರ ಎಲ್ಲ ಬದಲಿಸಿ ಸೈಕಲ್ಲಿನ ಅರ್ಧ ಬೆಲೆಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಹಳೆ ಮನೆಯ ಹೊಸ್ತಿಲು ಬದಲಿಸಲು ಹೋಗಿ ಮಾಡು ಇಳಿಸಿದ ಹಾಗೆ. ಇಷ್ಟೆಲ್ಲ ಆದ ಮೇಲೂ ಮೇಲಿನ ಗೇರೂ ಕೆಳಗಿನ ಗೇರೂ ಹೆಚ್ಚುಕಡಿಮೆ ಮೊದಲಿನದ್ದೇ, ನಡುವಿನ ಮೆಟ್ಟಿಲುಗಳು ಮಾತ್ರ ಸಣ್ಣದಾಗಿರುತ್ತವೆ.

ನನ್ನ ಲೆಕ್ಕದಲ್ಲಿ ಗೇರಿನಲ್ಲಿ ಮಾಡಬೇಕಾದ ಬದಲಾವಣೆ ಒಂದೇ, ಅದೂ ಘಟ್ಟ ಹತ್ತುವವರು ಮಾತ್ರ. ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದಿದ್ದರೆ 32ರದ್ದು ಹಾಕಿಸಿ, ನಿಮ್ಮ ಡಿರೇಲರ್ ಅಷ್ಟನ್ನು ಹೊರುತ್ತದೆಯೇ ಎಂದು ಕೇಳಿಕೊಂಡು. ಬೈಂದೂರಿನ ಒತ್ತಿನೆಣೆಯ ಏರಿಗೆ ಇದು ಬೇಡ, ಅದನ್ನು ಹಲ್ಲು ಕಚ್ಚಿ ಹತ್ತಬಹುದು. ಹೊಸಂಗಡಿಯಿಂದ ಬಾಳೆಬರೆ ಘಾಟಿ, ಸೋಮೇಶ್ವರದಿಂದ ಆಗುಂಬೆ, ಕೊಲ್ಲೂರಿನಿಂದ ನಾಗೋಡಿ ಕಡೆಗೆ ಹೋಗುವವರಿಗೆ ಆ ನಾಲ್ಕು ಹಲ್ಲು ಮೊಣಕಾಲಿನ ಪಾಲಿಗೆ ದೇವರು. ಉಳಿದಂತೆ ಚೈನನ್ನು ಅಳೆಯುತ್ತಿರಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಉಕ್ಕಿನ ಅಡಿಪಟ್ಟಿ ಇಟ್ಟರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗದವರೆಗೆ ಬಿಟ್ಟರೆ ಚೈನು ತನ್ನ ಜೊತೆಗೆ ಹಲ್ಲುಚಕ್ರವನ್ನೂ ಕರೆದುಕೊಂಡು ಹೋಗುತ್ತದೆ.

ತೂಕ ಇಳಿಸುವ ಹುಚ್ಚಿನ ಬಗ್ಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ನಾನು 72 ಕಿಲೋ, ಸೈಕಲ್ಲು ಹತ್ತೂವರೆ, ಎಲ್ಲ ಸೇರಿ ಸುಮಾರು 83. ಸಾವಿರಾರು ರೂಪಾಯಿ ಸುರಿದು ಅರ್ಧ ಕಿಲೋ ಇಳಿಸಿದೆ ಎನ್ನಿ. ಒಂದು ಗಂಟೆಯ ಘಟ್ಟದ ಏರಿನಲ್ಲಿ ಉಳಿಯುವುದು ಇಪ್ಪತ್ತು ಸೆಕೆಂಡಿನ ಆಸುಪಾಸು. ಹೊರಡುವ ಮುನ್ನ ಎರಡನೇ ಪ್ಲೇಟು ಗೋಳಿಬಜೆ ಬೇಡವೆಂದರೆ ಅದೇ ಲಾಭ ಪುಕ್ಕಟೆ. ಸಪಾಟಾದ ಹೆದ್ದಾರಿಯಲ್ಲಂತೂ ಹೋರಾಟ ಗಾಳಿಯ ಜೊತೆ, ತೂಕದ ಜೊತೆ ಅಲ್ಲ. ಇಲ್ಲಿ ದುಡ್ಡಿಗಿಂತ ಊರಿನ ಬುದ್ಧಿ ಕೆಲಸ ಮಾಡುತ್ತದೆ. ಬೇಸಿಗೆಯ ದಿನಗಳಲ್ಲಿ ಬೆಳಗಿನ ಹೊತ್ತು ಮೆಲ್ಲಗೆ ಮೂಡುಗಾಳಿ. ಹೊತ್ತು ಏರಿದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದು ಬರುತ್ತದೆ. ಕುಂದಾಪುರದಿಂದ ಬೆಳಗ್ಗೆ ಬಡಗು ಮುಖವಾಗಿ ಬೈಂದೂರಿಗೆ ಹೋಗಿ, ಗಾಳಿ ಏಳುವಾಗ ತೆಂಕು ಮುಖವಾಗಿ ತಿರುಗಿದರೆ ಗಾಳಿಯೇ ಬೆನ್ನು ತಳ್ಳುತ್ತದೆ. ಬ್ರಹ್ಮಾವರ, ಸಾಲಿಗ್ರಾಮದ ಕಡೆ ಬೆಳಗ್ಗೆ ಹೋದರೆ ವಾಪಸು ಬರುವಾಗ ಅದೇ ಗಾಳಿ ಎದೆಗೆ. ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲೂ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಂದರೆ ತಿಂಡಿ, ಊಟ, ಪಂಚರ್ ಎಲ್ಲ ಸೇರಿ ಗಂಟೆಗೆ ಹದಿನೈದು ಕಿಲೋಮೀಟರು ಸಾಕು. ಅದಕ್ಕೆ ಕಾರ್ಬನ್ ಚಕ್ರ ಯಾಕೆ?

ಪಂಚರ್ ಎಂದಾಗ ನೆನಪಾಯಿತು. ಈ ಸೈಕಲ್ಲಿನ ಟ್ಯೂಬಿಗೆ ಪ್ರೆಸ್ಟಾ ಎಂಬ ಸಪೂರ ವಾಲ್ವು. ಹೆದ್ದಾರಿ ಬದಿಯ ಪಂಚರ್ ಅಂಗಡಿಯ ಪೈಪು ಅದಕ್ಕೆ ಹಿಡಿಯುವುದಿಲ್ಲ. ಹೆಬ್ಬೆರಳ ಉಗುರಿನಷ್ಟು ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಪಿ ಇಟ್ಟುಕೊಳ್ಳಿ. ಅದರ ಜೊತೆ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಎಂಬ ತುಂಡು ಒಂದು ಹೆಚ್ಚಿಗೆ ಇರಲಿ. ಸೈಕಲ್ಲು ಮಗುಚಿದರೆ ಫ್ರೇಮು ಉಳಿಯಲಿ, ತಾನು ಬಗ್ಗಲಿ ಎಂದೇ ಅದನ್ನು ಮೆದು ಅಲ್ಯೂಮಿನಿಯಮ್ಮಿನಲ್ಲಿ ಮಾಡಿರುತ್ತಾರೆ. ಪ್ರತಿ ಮಾಡೆಲ್ಲಿಗೂ ಅದರ ಆಕಾರ ಬೇರೆ, ಬೈಂದೂರಿನಲ್ಲಿ ನಿಂತು ಹುಡುಕಿದರೆ ಸಿಗುವ ವಸ್ತು ಅಲ್ಲ.

ಬಳಸಿದ ಸೈಕಲ್ ಕೊಳ್ಳುವವರಿಗೆ ಒಂದು ಗಂಭೀರ ಮಾತು ಹೇಳಲೇಬೇಕು. ಉಕ್ಕಿಗೆ ಒಂದು ಮಿತಿ ಇದೆ. ಅದರ ಒಳಗಿನ ಪೆಟ್ಟುಗಳನ್ನು ಎಷ್ಟು ಸಲ ಕೊಟ್ಟರೂ ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಹಾಗೊಂದು ಮಿತಿ ಇಲ್ಲ. ಸಣ್ಣ ಪೆಟ್ಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಳ್ಳೆಯ ಫ್ರೇಮನ್ನು ಇದನ್ನು ಗಮನದಲ್ಲಿಟ್ಟೇ ಕಟ್ಟಿರುತ್ತಾರೆ, ಆದ್ದರಿಂದ ಹೆದರಬೇಕಾಗಿಲ್ಲ, ನೋಡಿಕೊಳ್ಳಬೇಕು. ಹ್ಯಾಂಡಲಿನ ಬುಡದ ಪೈಪಿಗೆ ಕೆಳಗಿನ ದಪ್ಪ ಪೈಪು ಸೇರುವ ಬೆಸುಗೆ, ಪೆಡಲಿನ ಅಚ್ಚಿನ ಸುತ್ತ, ಹಿಂದಿನ ಚಕ್ರ ಕೂರುವ ಕವೆ: ಈ ಮೂರು ಕಡೆ ಟಾರ್ಚ್ ಹಾಕಿ ನೋಡಿ. ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಗೀರಿ. ಉಗುರು ಸಿಕ್ಕಿಕೊಂಡರೆ ಆ ಸೈಕಲ್ ಕೊಳ್ಳಬೇಡಿ, ನಿಮ್ಮದೇ ಆದರೆ ತುಳಿಯುವುದು ನಿಲ್ಲಿಸಿ. "ವೆಲ್ಡಿಂಗ್ ಮಾಡ್ಸುವ" ಎನ್ನಬೇಡಿ. ಹಳೆಯ ಹೀರೋ ಸೈಕಲ್ಲಿನ ಉಕ್ಕನ್ನು ಯಾವ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲೂ ಬೆಸೆಯಬಹುದಿತ್ತು. 6061 ಫ್ರೇಮಿಗೆ ಕಾರ್ಖಾನೆಯಲ್ಲಿ ಬೆಸುಗೆಯ ನಂತರ ಕಾಯಿಸಿ ಹದ ಕೊಟ್ಟಿರುತ್ತಾರೆ. ಮತ್ತೆ ಬೆಸೆದರೆ ಆ ಜಾಗದ ಹದ ಇಳಿಯುತ್ತದೆ, ಇನ್ನೊಮ್ಮೆ ಹದ ಕೊಡುವ ಕುಲುಮೆ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಇರುವುದಿಲ್ಲ.

ಬ್ರಹ್ಮಾವರದ ಹುಡುಗಿ ಕಾರ್ಬನ್ ಚಕ್ರದ ಯೋಚನೆ ಬಿಟ್ಟು 28ರ ಟೈರು ಹಾಕಿಸಿಕೊಂಡಿದ್ದಾಳೆ. ಬ್ಯಾಂಕಿನವರು ನನ್ನ ಮಾತು ಕೇಳದೆ 105 ಹಾಕಿಸಿದರು, ಚೆನ್ನಾಗಿದೆ ಎನ್ನುತ್ತಾರೆ, ಎಷ್ಟಾಯಿತೆಂದು ಮನೆಯಲ್ಲಿ ಹೇಳಿಲ್ಲವಂತೆ. ಉಪ್ಪುಂದದ ಮೇಷ್ಟ್ರು ಮೊನ್ನೆ ಫೋನು ಮಾಡಿದ್ದರು. ಸೀಟಿನ ಪೈಪು ಬರುತ್ತಿಲ್ಲ, ಏನು ಮಾಡಲಿ ಎಂದು. ಅಲ್ಯೂಮಿನಿಯಮ್ಮಿನದ್ದೇ ಪೈಪು, ಎರಡು ಮಳೆಗಾಲ ಗ್ರೀಸಿಲ್ಲದೆ ಕೂತಿದೆ. ಎರಡೂ ಒಂದೇ ಲೋಹವಾದ ಕಾರಣ ಬಿಸಿನೀರಿಗೆ ಎರಡೂ ಒಟ್ಟಿಗೇ ಹಿಗ್ಗುತ್ತವೆ, ಹಂಡೆಯ ಉಪಾಯ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ವಾರ ಕಾಯಿರಿ, ಸುತ್ತಿಗೆ ಎತ್ತಬೇಡಿ ಎಂದಿದ್ದೇನೆ. ನೀವೂ ಈ ಭಾನುವಾರ ಒಮ್ಮೆ ಬೋಲ್ಟು ಸಡಿಲಿಸಿ ನೋಡಿ. ಬಂದರೆ ಗ್ರೀಸ್ ಹಚ್ಚಿ ಇಳಿಸಿ. ಬಾರದಿದ್ದರೆ ಮೊದಲು ಊರಿನ ಹಳೆಯ ಸೈಕಲ್ ಅಂಗಡಿಗೆ ಹೋಗಿ, ಹೊಸ ಫ್ರೇಮಿನ ಬೆಲೆ ವಿಚಾರಿಸುವುದು ಆಮೇಲೆ.